ಜೇಬಿನ ಕ್ಯಾಮೆರಾಗೆ ಮೂರು ಕೆಜಿ ಸಾಮಾನು

ನನ್ನದು ಸೋನಿ ಆರ್‌ಎಕ್ಸ್100 ಮಾರ್ಕ್ 3. ಬ್ಯಾಟರಿ ಸೇರಿ 290 ಗ್ರಾಂ. ಪ್ಯಾಂಟ್ ಜೇಬಿಗೆ ಹೋಗುತ್ತದೆ ಅಂತಲೇ ತಗೊಂಡದ್ದು. ಆದರೆ ಮೊದಲ ಸಲ ಮಳೆಗಾಲದಲ್ಲಿ ಆಗುಂಬೆಗೆ ಹೊರಟಾಗ ಅದಕ್ಕಾಗಿ ಹೊತ್ತದ್ದು ಮೂರು ಕೆಜಿ! ದಪ್ಪ ಚೀಲ, ಉದ್ದ ಟ್ರೈಪಾಡ್, ಗುಂಡಿ ಹಾಕುವ ಚರ್ಮದ ಕವರ್. ಘಾಟಿಯಲ್ಲಿ ಸಿಂಗಳೀಕವೊಂದು ಮರದಿಂದ ಮರಕ್ಕೆ ಹಾರಿತು. ನಾನಿನ್ನೂ ಜಿಪ್ ಎಳೆಯುತ್ತಿದ್ದೆ.

ಮುಂದಿನ ಮಳೆಗಾಲಕ್ಕೆ ಎಲ್ಲ ಬಿಟ್ಟು ಹೊರಟೆ. ಕವರ್ ಬದಲು ಕನ್ನಡಕದ ಜೊತೆ ಕೊಡುವ ಬಟ್ಟೆ ಚೀಲ. ಜೇಬಿನ ಧೂಳು ಲೆನ್ಸ್ ಕೊಳವೆಯೊಳಗೆ ಹೋಗದಿದ್ದರೆ ಸಾಕು, ಅಲ್ವಾ? ಕುತ್ತಿಗೆ ಪಟ್ಟಿಯ ಬದಲು ಮಣಿಕಟ್ಟಿನ ಪಟ್ಟಿ. ಇದು ಬೇಕೇ ಬೇಕು. ಅಲ್ಲಿ ಒಂದು ಕೈ ಯಾವಾಗಲೂ ಕೊಡೆಗೆ ಮೀಸಲು. ಇಂಬಳ ಕಾಲಿಗೆ ಹತ್ತಿದರೆ ಇನ್ನೊಂದು ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಕ್ಯಾಮೆರಾ ಆಗ ಪಟ್ಟಿಯಲ್ಲೇ ನೇತಾಡಬೇಕು.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಮಳೆಯಲ್ಲ, ಮಂಜು. ರಾತ್ರಿಯಿಡೀ ಎಸಿ ಬಸ್ಸಿನಲ್ಲಿದ್ದ ಕ್ಯಾಮೆರಾವನ್ನು ಬೆಳಿಗ್ಗೆ ಇಳಿದ ಕೂಡಲೇ ತೆಗೆದೆ. ಲೆನ್ಸ್ ಪೂರ್ತಿ ಬೆಳ್ಳಗೆ. ತಣ್ಣೀರು ತುಂಬಿದ ಸ್ಟೀಲ್ ಲೋಟ ಬೆವರುತ್ತದಲ್ಲ, ಹಾಗೇ. ಒರೆಸಿದರೆ ಮತ್ತೆ ಕಟ್ಟುತ್ತದೆ. ಈಗ ಬಸ್ಸಿನಲ್ಲಿರುವಾಗಲೇ ಜಿಪ್‌ಲಾಕ್ ಕವರಿಗೆ ಹಾಕಿ ಗಾಳಿ ಹಿಂಡಿ ಮುಚ್ಚುತ್ತೇನೆ. ಇಳಿದು ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ತೆರೆಯುತ್ತೇನೆ. ಅಷ್ಟರಲ್ಲಿ ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಂಡಿರುತ್ತದೆ.

ಅದೇ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೂ ಇರುತ್ತವೆ. ಬಣ್ಣ ಬದಲಾಗುವ ಕಾಳಿನದು ಒಳ್ಳೆಯದು, ತೇವ ಕುಡಿದು ಮುಗಿದದ್ದು ಕಣ್ಣಿಗೇ ಕಾಣುತ್ತದೆ. ಉಪ್ಪಿನ ಭರಣಿಗೆ ಅಮ್ಮ ನಾಲ್ಕು ಅಕ್ಕಿಕಾಳು ಹಾಕುವುದನ್ನು ನೋಡಿ ನಾನೂ ಒಮ್ಮೆ ಕ್ಯಾಮೆರಾ ಪಕ್ಕ ಅಕ್ಕಿ ಇಟ್ಟಿದ್ದೆ. ಅಕ್ಕಿಹಿಟ್ಟಿನ ಧೂಳು ಗುಂಡಿಗಳ ಸಂದಿಗೆಲ್ಲ ಹೋಯಿತು. ಆ ಕೆಲಸ ಬೇಡ.

ಬ್ಯಾಟರಿ ಮೂರು ಇಟ್ಟುಕೊಳ್ಳುತ್ತೇನೆ. ಒಂದಕ್ಕೆ ಸುಮಾರು 320 ಫೋಟೋ ಅಂತ ಲೆಕ್ಕ. ಪರದೆ ನೋಡುತ್ತಾ ಕೂತರೆ ಅಷ್ಟೂ ಬರುವುದಿಲ್ಲ. ಅಗ್ಗಕ್ಕೆ ಕೊಂಡ ಒಂದು ಬ್ಯಾಟರಿ ಆರೇ ತಿಂಗಳಲ್ಲಿ ಊದಿಕೊಂಡು ಒಳಗೇ ಸಿಕ್ಕಿಕೊಂಡಿತ್ತು. ಅವತ್ತಿನಿಂದ ಕಂಪನಿಯದ್ದೇ. ವಿಮಾನದಲ್ಲಾದರೆ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಈ ಕ್ಯಾಮೆರಾಗೆ ಮೈಕ್ರೋ ಯುಎಸ್‌ಬಿ ಕೇಬಲ್ ಬೇಕು. ಫೋನಿನ ಟೈಪ್-ಸಿ ನಂಬಿ ಹೋಗಿ ಒಂದು ದಿನ ಸುಮ್ನೆ ಕೂತಿದ್ದೇನೆ.

ಟ್ರೈಪಾಡ್ ಪೂರ್ತಿ ಬಿಟ್ಟಿಲ್ಲ. ಅಂಗೈಯಷ್ಟು ಉದ್ದದ್ದೊಂದಿದೆ. ಆಗುಂಬೆ ಹತ್ತಿರದ ಜೋಗಿಗುಂಡಿ ಜಲಪಾತದಲ್ಲಿ ಬಂಡೆ ಮೇಲಿಟ್ಟು, ಕ್ಯಾಮೆರಾದಲ್ಲೇ ಇರುವ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುತ್ತದೆ, ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು) ಹಾಕಿ, ಗುಂಡಿ ಒತ್ತುವಾಗ ಅಲುಗದಿರಲಿ ಅಂತ ಎರಡು ಸೆಕೆಂಡಿನ ಟೈಮರ್ ಕೊಟ್ಟೆ. ನೀರು ಹಾಲಿನ ಹಾಗೆ ಬಂತು.

ಆ ಚರ್ಮದ ಕವರನ್ನು ಮೊನ್ನೆ ಅಟ್ಟದಿಂದ ಇಳಿಸಿದೆ. ಒಳಗೆಲ್ಲ ಬೂಷ್ಟು. ಕ್ಯಾಮೆರಾ ಅದರಲ್ಲೇ ಇದ್ದಿದ್ದರೆ ಲೆನ್ಸಿಗೂ ಹಿಡಿಯುತ್ತಿತ್ತೇನೋ.