ಕಿಣ್ವದ ವೇಗ ಅಳೆಯುವುದು ಹೇಗೆ? ಮೊದಲ ನಿಮಿಷವನ್ನು ಕಾಪಾಡಿಕೊಳ್ಳಿ

ವಿಮ್ಯಾಕ್ಸ್ ಎಂದರೆ ಕಿಣ್ವ ಮುಟ್ಟಬಲ್ಲ ಗರಿಷ್ಠ ವೇಗ; ಕೆಎಂ ಎಂದರೆ ಅದರ ಅರ್ಧ ವೇಗ ಬರುವ ಸಬ್‌ಸ್ಟ್ರೇಟ್ ಸಾಂದ್ರತೆ. ಇವೆರಡನ್ನು ಕಂಡುಹಿಡಿಯಲು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಒಳ್ಳೆಯ ಆಯ್ಕೆ. ಅದರ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್‌ಗೆ ಬಣ್ಣವಿಲ್ಲ. ಕಿಣ್ವ ಫಾಸ್ಫೇಟನ್ನು ಕಡಿದಾಗ ಉಳಿಯುವ ನೈಟ್ರೋಫಿನಾಲ್ ಕ್ಷಾರದಲ್ಲಿ ಹಳದಿ. ಆ ಹಳದಿ ಏರುವ ವೇಗವೇ ಕ್ರಿಯೆಯ ವೇಗ.

ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ): 0.2 ಮೋಲಾರ್ ಗ್ಲೈಸಿನ್, ಪಿಎಚ್ 9.5, ಅದರಲ್ಲಿ 2 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಫಾಸ್ಫೇಟ್ ಬಫರ್ ಬೇಡವೇ ಬೇಡ. ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಕೂಡ ಬೇಡ, ಕಿಣ್ವಕ್ಕೆ ಬೇಕಾದ ಸತುವನ್ನು ಅದು ಕಿತ್ತುಕೊಳ್ಳುತ್ತದೆ.

ಸಬ್‌ಸ್ಟ್ರೇಟ್: ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್‌ನ ಡೈಸೋಡಿಯಂ ಹೆಕ್ಸಾಹೈಡ್ರೇಟ್ ಲವಣ 37 ಮಿಲಿಗ್ರಾಂ, 10 ಮಿಲಿಲೀಟರ್ ನೀರಿಗೆ. ಇದು 10 ಮಿಲಿಮೋಲಾರ್. ಸ್ವಲ್ಪವನ್ನು ಹತ್ತು ಪಟ್ಟು ತೆಳುಮಾಡಿ 1 ಮಿಲಿಮೋಲಾರ್ ದ್ರಾವಣವನ್ನೂ ಇಟ್ಟುಕೊಳ್ಳಿ. ದ್ರಾವಣ ಕಣ್ಣಿಗೆ ಕಾಣುವಷ್ಟು ಹಳದಿಯಾಗಿದ್ದರೆ ಚೆಲ್ಲಿ, ಹೊಸದು ಮಾಡಿ.

ಆರು ಕ್ಯುವೆಟ್‌ಗಳಿಗೂ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾರದರ್ಶಕ ಪಾತ್ರೆಗಳು) 500 ಮೈಕ್ರೋಲೀಟರ್ ಬಫರ್ ಹಾಕಿ. ಮೊದಲ ಮೂರಕ್ಕೆ 1 ಮಿಲಿಮೋಲಾರ್ ದ್ರಾವಣದಿಂದ 50, 100, 200 ಮೈಕ್ರೋಲೀಟರ್. ಉಳಿದ ಮೂರಕ್ಕೆ 10 ಮಿಲಿಮೋಲಾರ್‌ನಿಂದ 40, 80, 160. ನೀರು ಸೇರಿಸಿ ಪ್ರತಿಯೊಂದನ್ನೂ 980 ಮೈಕ್ರೋಲೀಟರ್‌ಗೆ ತನ್ನಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಇಡಿ. ಈಗ ಒಂದೊಂದಕ್ಕೇ 20 ಮೈಕ್ರೋಲೀಟರ್ ಕಿಣ್ವ ಸೇರಿಸಿ, ಬಾಯಿ ಮುಚ್ಚಿ ತಿರುವಿ, 405 ನ್ಯಾನೋಮೀಟರ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಹೀರುವ ಪ್ರಮಾಣ) ಬರೆದುಕೊಳ್ಳಿ. ಕಿಣ್ವದ ಬದಲು ನೀರು ಹಾಕಿದ ಬ್ಲ್ಯಾಂಕ್‌ನ ಏರಿಕೆಯನ್ನು ಕಳೆಯಬೇಕು.

ಪ್ರಯೋಗ ಸಾಮಾನ್ಯವಾಗಿ ಕೆಡುವುದು 0.05 ಮಿಲಿಮೋಲಾರ್‌ನ ಮೊದಲ ಕ್ಯುವೆಟ್‌ನಲ್ಲಿ. ಅಲ್ಲಿರುವ ಸಬ್‌ಸ್ಟ್ರೇಟ್ ಪೂರ್ತಿ ಮುಗಿದರೂ ಅಬ್ಸಾರ್ಬೆನ್ಸ್ ಏರುವುದು 0.9ರಷ್ಟೇ. ಆರಂಭದ ವೇಗವೆಂದು ಒಪ್ಪಬಹುದಾದದ್ದು ಮೊದಲ ಶೇ 10, ಅಂದರೆ 0.09ರವರೆಗಿನ ಏರಿಕೆ ಮಾತ್ರ. ಒಂದು ನಿಮಿಷದೊಳಗೇ ಅದು ದಾಟಿದರೆ ಕಿಣ್ವ ಹೆಚ್ಚಾಯಿತು. ಇನ್ನಷ್ಟು ತೆಳುಮಾಡಿ, ಆರನ್ನೂ ಮತ್ತೆ ಅಳೆಯಿರಿ. ಸಮಯಕ್ಕೆ ಎದುರಾಗಿ ಅಬ್ಸಾರ್ಬೆನ್ಸ್ ಬಿಡಿಸಿದ ಗೆರೆ ಬಾಗಿದ ಮೇಲೆ ಅಳೆದ ವೇಗ ನಿಜಕ್ಕಿಂತ ಕಡಿಮೆ ಬರುತ್ತದೆ, ಕೆಎಂ ಸುಳ್ಳಾಗಿ ಹಿಗ್ಗುತ್ತದೆ. 1913ರಲ್ಲಿ ಮೈಕೆಲಿಸ್ ಮತ್ತು ಮೌಡ್ ಮೆಂಟನ್ ಇನ್ವರ್ಟೇಸ್ ಕಿಣ್ವದ ಅಧ್ಯಯನದಲ್ಲಿ ಆರಂಭದ ವೇಗವನ್ನೇ ಹಿಡಿದದ್ದು ಇದೇ ಕಾರಣಕ್ಕೆ. ಗೆರೆ ಮೊದಲು ನಿಧಾನವಾಗಿದ್ದು ಆಮೇಲೆ ಕಡಿದಾದರೆ ಕ್ಯುವೆಟ್ ಇನ್ನೂ ಬಿಸಿಯಾಗಿರಲಿಲ್ಲ ಎಂದು ಅನುಮಾನಿಸಿ.

ಲೆಕ್ಕ ಸುಲಭ. ನಿಮಿಷಕ್ಕೆ 0.09 ಏರಿದರೆ ಅದನ್ನು 18,000ದಿಂದ (1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 1 ಮೋಲಾರ್ ನೈಟ್ರೋಫಿನಾಲ್‌ನ ಅಬ್ಸಾರ್ಬೆನ್ಸ್) ಭಾಗಿಸಿ: ನಿಮಿಷಕ್ಕೆ 5 ಮೈಕ್ರೋಮೋಲಾರ್.

ಇನ್ನು ವಿಶ್ಲೇಷಣೆ. ಪಠ್ಯಪುಸ್ತಕಗಳ ಮೆಚ್ಚಿನ ಲೈನ್‌ವೀವರ್–ಬರ್ಕ್ ನಕ್ಷೆಯನ್ನು (ಸಾಂದ್ರತೆಯ ವಿಲೋಮಕ್ಕೆ ಎದುರಾಗಿ ವೇಗದ ವಿಲೋಮ) ನೋಡಲಷ್ಟೇ ಬಳಸಿ, ಉತ್ತರಕ್ಕೆ ನಂಬಬೇಡಿ. ವೇಗದ ಅಳತೆಯಲ್ಲಿ ನಿಮಿಷಕ್ಕೆ 0.2 ಮೈಕ್ರೋಮೋಲಾರ್‌ನ ತಪ್ಪಿದೆ ಎನ್ನಿ. ವೇಗ 20 ಇದ್ದಲ್ಲಿ ಅದರ ವಿಲೋಮ 0.0005ರಷ್ಟು ಅಲುಗಾಡಿದರೆ, ವೇಗ 2 ಇದ್ದಲ್ಲಿ 0.05ರಷ್ಟು, ನೂರು ಪಟ್ಟು ಹೆಚ್ಚು. ಅತಿ ದುರ್ಬಲ ಬಿಂದುವೇ ಇಡೀ ಗೆರೆಯನ್ನು ಎಳೆದಾಡುತ್ತದೆ. ಅದರ ಬದಲು ಎಕ್ಸೆಲ್‌ನಲ್ಲಿ ಸರಿಯಾದ ಬೆಲೆ ಹುಡುಕಿಕೊಡುವ ಸಾಲ್ವರ್ ಬಳಸಿ. ವಿಮ್ಯಾಕ್ಸ್‌ಗೆ ನಿಮ್ಮ ಗರಿಷ್ಠ ವೇಗಕ್ಕಿಂತ ತುಸು ಹೆಚ್ಚು, ಕೆಎಂಗೆ ಅರ್ಧ ವೇಗ ಬಂದ ಸಾಂದ್ರತೆ ಕೊಟ್ಟು, ಅಳೆದ ವೇಗಕ್ಕೂ ಮೈಕೆಲಿಸ್–ಮೆಂಟನ್ ಸೂತ್ರದ ವೇಗಕ್ಕೂ (ವಿಮ್ಯಾಕ್ಸ್ × ಸಾಂದ್ರತೆ ÷ (ಕೆಎಂ + ಸಾಂದ್ರತೆ)) ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠವಾಗಲಿ. ಸಾಂದ್ರತೆ ಕೆಎಂನ ಐದು ಪಟ್ಟು ಮುಟ್ಟಿದರೂ ಸಿಗುವುದು ವಿಮ್ಯಾಕ್ಸ್‌ನ ಶೇ 83 ಮಾತ್ರ. ಅಲ್ಲಿಗೂ ಮುಟ್ಟದಿದ್ದರೆ ಇನ್ನೊಂದೆರಡು ಗಾಢ ಕ್ಯುವೆಟ್ ಸೇರಿಸಿ.

ಕೊನೆಗೆ ಕಿಣ್ವವನ್ನು ಅರ್ಧಕ್ಕಿಳಿಸಿ ಪೂರ್ತಿ ಪ್ರಯೋಗ ಮತ್ತೆ ಮಾಡಿ. ವಿಮ್ಯಾಕ್ಸ್ ಅರ್ಧವಾಗಬೇಕು, ಕೆಎಂ ಇದ್ದಲ್ಲೇ ಇರಬೇಕು. ಕೆಎಂ ಜರುಗಿದರೆ ಮೊದಲ ಕ್ಯುವೆಟ್‌ನ ಗೆರೆಯನ್ನು ಇನ್ನೊಮ್ಮೆ ನೋಡಿ.