ಬೆಳಿಗ್ಗೆ ಮುನಿಯುತ್ತಿದ್ದ ಜೀಪು

ಮೂಡಿಗೆರೆ ಕಡೆಯ ನಮ್ಮ ತೋಟದ ಹಳೇ ಫೋರ್ ವೀಲ್ ಡೀಸೆಲ್ ಜೀಪು ರಾತ್ರಿ ನಿಂತರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಡೀಸೆಲ್ ಎಳೆಯಲು ಕೈಯಿಂದ ಒತ್ತುವ ಹ್ಯಾಂಡ್ ಪಂಪ್ ಒತ್ತಿದರೆ ಮಾತ್ರ ಹಿಡಿಯುತ್ತಿತ್ತು. ಬ್ಯಾಟರಿ, ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಸರಿಯಿದ್ದವು. ಡೀಸೆಲ್ ಎಲ್ಲೂ ಸೋರುತ್ತಿರಲಿಲ್ಲ. ಅದೇ ಸುಳಿವು! ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನದು (ಡೀಸೆಲ್ ಎಳೆದು ಎಂಜಿನ್ ಕಡೆ ಕಳಿಸುವ ಪಂಪು) ಎಳೆಯುವ ಲೈನು. ಅಲ್ಲಿ ಸಂದಿಯಿದ್ದರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಎಂಜಿನ್ ನಿಂತ ಮೇಲೆ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಫಿಲ್ಟರಿಗೆ ಮುಂಚೆ ಒಂದು ತುಂಡು ಪಾರದರ್ಶಕ ಪೈಪು ಹಾಕಿ ನೋಡಿದೆ, ಗುಳ್ಳೆಗಳ ಸಾಲೇ ಬಂತು.

ಬಿರುಕುಬಿಟ್ಟ ರಬ್ಬರ್ ಪೈಪು, ಕ್ಲಿಪ್ಪು, ತಾಮ್ರದ ವಾಷರ್‌ಗಳನ್ನು ಬದಲಾಯಿಸಿ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗಾಳಿ ತೆಗೆದೆ. ಹಳೇ ವಾಷರ್ ಮಾತ್ರ ದಯವಿಟ್ಟು ಮತ್ತೆ ಹಾಕಬೇಡಿ. ಈಗ ಜಡಿಮಳೆಯ ಬೆಳಿಗ್ಗೆಯೂ ಒಂದೇ ಸೆಲ್ಫ್‌ಗೆ ಹಿಡಿಯುತ್ತಿದೆ.