ಅರ್ಧ ಮೊಟ್ಟೆಯ ಲೆಕ್ಕ

"ನೀವು ಸಹಿ ಹಾಕಿದರೆ ಸಾಕು, ಬೇರೆ ಏನೂ ಕೆಲಸ ಇರಲ್ಲ." ನಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಗೆ ಅಧ್ಯಕ್ಷೆ ಆಗು ಅಂದಾಗ ನನಗೆ ಹೇಳಿದ ಮಾತು ಇದು. ಮಗಳು ಅಲ್ಲಿಗೇ ಹೋಗುತ್ತಿದ್ದಳು, ಸರಿ ಅಂದೆ. ಟೀಚರ್ ಮತ್ತು ನನ್ನ ಹೆಸರಲ್ಲಿ ಬ್ಯಾಂಕಿನ ಜಂಟಿ ಖಾತೆ ಆಯ್ತು. ಮೂರು ತಿಂಗಳು ಕೊಟ್ಟ ಕಡೆಯೆಲ್ಲ ಸಹಿ ಹಾಕಿದೆ.

ಒಂದು ದಿನ ಮಗಳು ಮನೆಗೆ ಬಂದು, "ಅಮ್ಮಾ, ಇವತ್ತು ಮೊಟ್ಟೇನ ದಾರದಲ್ಲಿ ಕೊಯ್ದು ಇಬ್ಬರಿಗೆ ಒಂದು ಕೊಟ್ರು" ಅಂದಳು. ನನಗೆ ಸಿಟ್ಟು ಬಂತು. ಊರಲ್ಲಿ ಆಗಲೇ ಮಾತಿತ್ತು, ಟೀಚರ್ ಮೊಟ್ಟೆ ಮನೆಗೆ ಒಯ್ಯುತ್ತಾಳೆ ಅಂತ. ನಾನೂ ಹಾಗೇ ನಂಬಿ ಜಗಳಕ್ಕೇ ಹೋದೆ.

ಆಕೆ ಜಗಳ ಆಡಲಿಲ್ಲ. ಅಂಗಡಿಯ ಉದ್ರಿ ಪುಸ್ತಕ ತಂದು ಮುಂದಿಟ್ಟಳು. ಸರ್ಕಾರದಿಂದ ಮೊಟ್ಟೆ ದುಡ್ಡು ಬರದೆ ಎರಡು ತಿಂಗಳಾಗಿತ್ತು. ಬಂದಾಗಲೂ ಸರ್ಕಾರದ ದರ ಒಂದು, ಅಂಗಡಿ ದರ ಇನ್ನೊಂದು. ನಡುವಿನ ವ್ಯತ್ಯಾಸ ಆಕೆಯ ಗೌರವಧನದಿಂದ ಹೋಗುತ್ತಿತ್ತು. ಆ ವಾರ ಅಂಗಡಿಯವರು ಅರ್ಧಕ್ಕಿಂತ ಜಾಸ್ತಿ ಉದ್ರಿ ಕೊಡಲ್ಲ ಅಂದಿದ್ದರು. ಅದಕ್ಕೇ ದಾರ. ಆಕೆಯ ಮುಂದೆ ತಲೆ ಎತ್ತಲು ಆಗಲಿಲ್ಲ ನನಗೆ.

ಮರುದಿನ ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊಟ್ಟೆ ಕೊಡುವ ದಿನ ನಾನೇ ಹೋಗಿ ಬರೆಯತೊಡಗಿದೆ. ತಾರೀಖು, ಬಂದ ಮಕ್ಕಳು, ತಂದ ಮೊಟ್ಟೆ, ಅಂಗಡಿ ದರ, ಖಾತೆಗೆ ಬಂದ ದುಡ್ಡು. ಇಷ್ಟೇ. ಪುಟದ ಕೆಳಗೆ ಅವತ್ತು ಬಂದ ಇಬ್ಬರು ತಾಯಂದಿರ ಸಹಿ. ಓದು ಬಾರದವರು ಹೆಬ್ಬೆಟ್ಟು ಒತ್ತಿದರು. ಹತ್ತು ವಾರ ಬಿಡದೆ ಬರೆದೆ.

ಆಮೇಲೆ ಅರ್ಜಿ. ಮೊದಲ ಸಲ ಬಾಯಲ್ಲಿ ಹೇಳಿದಾಗ ಮೇಲ್ವಿಚಾರಕಿ, "ಎಲ್ಲ ಕಡೆ ಹೀಗೇ ಇದೆ ಅಮ್ಮಾ" ಅಂದಿದ್ದರು. ಅವರದ್ದೂ ತಪ್ಪಿಲ್ಲ, ಅವರಿಗೆ ನೋಡಿಕೊಳ್ಳಲು ಎಷ್ಟೋ ಕೇಂದ್ರಗಳು. ಆದರೆ ಬಾಯಿ ಮಾತಿಗೆ ದಾಖಲೆ ಇರಲ್ಲ, ಅಲ್ವಾ? ಎರಡು ಪ್ರತಿ ಬರೆದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಆಫೀಸಿಗೆ ಹೋದೆ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಸೀಲು ಬೀಳುವವರೆಗೆ ಬೆಂಚಿನಿಂದ ಏಳಲಿಲ್ಲ.

ಅರ್ಜಿಯಲ್ಲಿ "ದಯವಿಟ್ಟು ಸಹಾಯ ಮಾಡಿ" ಅಂತ ಬರೆಯಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೊಟೀನು ಕೊಡಬೇಕು ಅಂತ ಆಗ ಇತ್ತು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೊಟೀನು. ಅರ್ಧ ಕೊಟ್ಟರೆ ಮೂರು. ಆ ಲೆಕ್ಕವನ್ನೇ ಬರೆದೆ. ಇಂಥ ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಅವರಿಗೂ ಪ್ರತಿ ಕಳಿಸುತ್ತೇನೆ ಅಂತ ಕೊನೆಗೆ ಸೇರಿಸಿದೆ. ಟೀಚರ್ ಮೇಲೆ ಒಂದು ಶಬ್ದವೂ ಬರಬಾರದು ಅಂತ ಎರಡು ಸಲ ಓದಿ ನೋಡಿದೆ. ಆಕೆಯದ್ದು ಗೌರವಧನದ ಕೆಲಸ. ನಾನು ದೂರು ಕೊಟ್ಟು ಮನೆಗೆ ಬರುತ್ತೇನೆ, ನೋಟಿಸು ಬರುವುದು ಆಕೆಗೆ.

ಅರ್ಜಿ ಕೊಟ್ಟ ಐದನೇ ವಾರ ಬಾಕಿ ದುಡ್ಡು ಬಂತು. ಪೂರ್ತಿ ಅಲ್ಲ, ದರದ ವ್ಯತ್ಯಾಸ ಇವತ್ತಿಗೂ ಬಂದಿಲ್ಲ. 1975ರಲ್ಲಿ ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಶುರುವಾಯ್ತು. ಇಷ್ಟು ವರ್ಷ ಆದ ಮೇಲೂ ಮಕ್ಕಳ ಮೊಟ್ಟೆಗೆ ಟೀಚರ್ ಸಾಲ ಮಾಡಬೇಕಾ? ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನೋಟ್‌ಬುಕ್ ಬರೆಯಲು ಹೋಗಿ ತೂಕದ ಪುಸ್ತಕವೂ ಕಣ್ಣಿಗೆ ಬಿತ್ತು. ಒಂದು ಗಂಡು ಮಗುವಿನ ತೂಕ ನಾಲ್ಕು ತಿಂಗಳು ಒಂದೇ ಇತ್ತು. ತಕ್ಕಡಿ ಕೆಟ್ಟು ಅಷ್ಟೇ ದಿನ ಆಗಿತ್ತಂತೆ. ಆಶಾ ಕಾರ್ಯಕರ್ತೆ ಟೇಪು ತಂದು ಮಗುವಿನ ರಟ್ಟೆ ಅಳೆದರು. 11.5 ಸೆಂಟಿಮೀಟರಿಗಿಂತ ಕಡಿಮೆ, ಕೆಂಪು ಪಟ್ಟಿ. ಅಂದರೆ ತೀವ್ರ ಅಪೌಷ್ಟಿಕತೆ. ಇಂಥ ಮಕ್ಕಳಿಗಾಗಿ ಇರುವ ಎನ್‌ಆರ್‌ಸಿಗೆ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಸೇರಿಸಿದರೆ ಎರಡು ವಾರ ತಾಯಿ ಜೊತೆಗಿರಬೇಕು, ಕೂಲಿ ಹೋಗುತ್ತದೆ, ಮನೆಯಲ್ಲಿ ದೊಡ್ಡ ಮಗಳೊಬ್ಬಳೇ. ಆ ಹುಡುಗಿ ಅಷ್ಟೂ ದಿನ ನಮ್ಮ ಮನೆಯಲ್ಲೇ ಊಟ ಮಾಡಿ ಮಲಗಿದಳು.

ಅವಳೇ ಆ ವರ್ಷ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತಳು. "ನನ್ನ ತಮ್ಮನ ಅಂಗನವಾಡಿಗೆ ತಕ್ಕಡಿ ಯಾವಾಗ ಕೊಡ್ತೀರಿ?" ಅಂತ ಮೈಕಿನಲ್ಲಿ ಕೇಳಿದಳು. ಹಿಂದಿನ ಸಾಲಲ್ಲಿ ಟೀಚರ್ ಪಕ್ಕ ಕೂತಿದ್ದೆ. ನಡಾವಳಿ ಪುಸ್ತಕದಲ್ಲಿ ಆ ಪ್ರಶ್ನೆ ಬರೆದದ್ದನ್ನು ನೋಡಿಕೊಂಡೇ ನಾವಿಬ್ಬರೂ ಎದ್ದು ಬಂದೆವು. ಹೊಸ ತಕ್ಕಡಿ ಹದಿನೇಳನೇ ದಿನ ಬಂತು.